ಪ್ರಯೋಗಪ್ರಾಣಿಗಳಲ್ಲಿ ಡಿಎನ್‌ಎ ಉತ್ಪರಿವರ್ತನೆ: ಕ್ಯಾನ್ಸರ್‌ಕಾರಕಗಳು ಮತ್ತು ಮುಪ್ಪು

ಕ್ಯಾನ್ಸರ್‌ಕಾರಕ ವಸ್ತುಗಳು ಮತ್ತು ಮುಪ್ಪು ಇವೆರಡೂ ಜೀವಕೋಶದ ಡಿಎನ್‌ಎಯಲ್ಲಿ ಅಳಿಸಲಾಗದ ಬದಲಾವಣೆಗಳನ್ನು ತರುತ್ತವೆ ಎಂಬುದನ್ನು ವಿಜ್ಞಾನಿಗಳು ಮೊಲ, ಇಲಿ ಹಾಗೂ ಇಲಿಗಿಂತ ಚಿಕ್ಕದಾದ ಸುಂಡಿಲಿಗಳ ಮೇಲೆ ನೂರಕ್ಕೂ ಹೆಚ್ಚು ವರ್ಷ ನಡೆಸಿದ ಪ್ರಯೋಗಗಳಿಂದ ಕಂಡುಕೊಂಡಿದ್ದಾರೆ. ಡಿಎನ್‌ಎ ಎಂಬುದು ಅಡೆನಿನ್, ಥೈಮಿನ್, ಗ್ವಾನಿನ್ ಮತ್ತು ಸೈಟೊಸಿನ್ ಎಂಬ ನಾಲ್ಕು ಪ್ರತ್ಯಾಮ್ಲಗಳು ನಿರ್ದಿಷ್ಟ ಕ್ರಮದಲ್ಲಿ ಜೋಡಣೆಗೊಂಡ ಎರಡೆಳೆಯ ಅಣು. ಈ ಕ್ರಮದಲ್ಲಿ ಉಂಟಾಗಿ ಮರಿಕೋಶಗಳಿಗೂ ದಾಟುವ ಬದಲಾವಣೆಗೆ ಉತ್ಪರಿವರ್ತನೆ ಎಂದು ಹೆಸರು. ಈ ವಿಷಯವನ್ನು ಅರಿಯಲು ಹಾನಿ ಮತ್ತು ಉತ್ಪರಿವರ್ತನೆಗಳ ನಡುವಿನ ವ್ಯತ್ಯಾಸವನ್ನು ಮೊದಲು ಗಮನಿಸಬೇಕು. ಒಂದು ಎಳೆಯ ಪ್ರತ್ಯಾಮ್ಲಕ್ಕೆ ರಾಸಾಯನಿಕವೊಂದು ಅಂಟಿಕೊಂಡರೆ ಅಥವಾ ಎಳೆ ತುಂಡಾದರೆ ಅದು ಹಾನಿ; ಕೋಶದ ದುರಸ್ತಿ ಕಿಣ್ವಗಳು ಅದನ್ನು ಗುರುತಿಸಿ ಸರಿಪಡಿಸಬಲ್ಲವು. ಆದರೆ ದುರಸ್ತಿಗೆ ಮುನ್ನವೇ ಕೋಶ ವಿಭಜನೆಗೊಂಡು, ಕೆಟ್ಟ ಪ್ರತ್ಯಾಮ್ಲದ ಎದುರಿಗೆ ತಪ್ಪು ಜೊತೆಗಾರ ಸೇರಿಕೊಂಡು, ಆ ತಪ್ಪೇ ಮುಂದಿನ ನಕಲಿಗೆ ಮೂಲವಾದರೆ, ಎರಡೂ ಎಳೆಗಳು ಪರಸ್ಪರ ಹೊಂದಿಕೊಂಡೇ ಇರುವುದರಿಂದ ಅಲ್ಲಿ ದೋಷವಿದೆ ಎಂದು ಯಾವ ಕಿಣ್ವಕ್ಕೂ ತಿಳಿಯುವುದಿಲ್ಲ. ಹಾನಿಗೆ ದುರಸ್ತಿಯುಂಟು, ಉತ್ಪರಿವರ್ತನೆಗೆ ಇಲ್ಲ.

ಕ್ಯಾನ್ಸರ್ ಹೊರಗಿನ ವಸ್ತುವಿನಿಂದ ಬರಬಹುದೆಂಬ ಅನುಮಾನ ಬಹಳ ಹಳೆಯದು. ಹೊಗೆಕೊಳವೆ ಗುಡಿಸುವವರಲ್ಲಿ ಕಾಣಿಸುತ್ತಿದ್ದ ವೃಷಣಚೀಲದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಬರೆದಿದ್ದನು. ಆದರೆ ಪ್ರಾಣಿಗಳಲ್ಲಿ ಅದನ್ನು ಸಾಧಿಸಿ ತೋರಿಸಲು 140 ವರ್ಷ ಹಿಡಿಯಿತು. ಬರ್ಲಿನ್ನಿನಲ್ಲಿ ರುಡಾಲ್ಫ್ ವಿರ್ಕೊವ್‌ನ ಬಳಿ ಕಲಿತು ಬಂದಿದ್ದ ಟೋಕಿಯೊದ ರೋಗಶಾಸ್ತ್ರಜ್ಞ ಕಟ್ಸುಸಾಬುರೊ ಯಮಗಿವಾ ತನ್ನ ಸಹಾಯಕ ಕೊಯಿಚಿ ಇಚಿಕಾವಾನೊಡನೆ ಮೊಲಗಳ ಕಿವಿಯ ಒಳಬದಿಗೆ ಎರಡು ಮೂರು ದಿನಗಳಿಗೊಮ್ಮೆ ಕಲ್ಲಿದ್ದಲ ಡಾಂಬರನ್ನು ಹಚ್ಚುತ್ತ ಹೋದನು; ತಿಂಗಳುಗಳು ಉರುಳಿದ ಮೇಲೆ ಮೊದಲು ನರಹುಲಿಗಳೂ ಅನಂತರ ನಿಜವಾದ ಚರ್ಮದ ಕ್ಯಾನ್ಸರೂ ಕಾಣಿಸಿಕೊಂಡವು. 1915ರಲ್ಲಿ ಪ್ರಕಟವಾದ ಈ ಫಲಿತಾಂಶದ ಗುಟ್ಟು ಡಾಂಬರಿನಲ್ಲಿ ಎಷ್ಟಿತ್ತೋ ಸಂಶೋಧಕರ ಸಹನೆಯಲ್ಲಿಯೂ ಅಷ್ಟೇ ಇತ್ತು. ಕ್ಯಾನ್ಸರಿಗೆ ಕಾಲ ಬೇಕು ಎಂಬ ಸಂಗತಿ, ಮುಂದೆ ಮುಪ್ಪಿನ ಅಧ್ಯಯನದೊಡನೆ ಬೆಸೆದುಕೊಳ್ಳಲಿದ್ದ ಸಂಗತಿ, ಮೊಲದ ಕಿವಿಯಲ್ಲೇ ಗೋಚರಿಸಿತ್ತು.

ಡಾಂಬರು ನೂರಾರು ವಸ್ತುಗಳ ಮಿಶ್ರಣವಾದುದರಿಂದ ಅದರಲ್ಲಿ ಅಪರಾಧಿ ಯಾವುದೆಂದು ಪತ್ತೆಹಚ್ಚುವ ಕೆಲಸವನ್ನು ಲಂಡನ್ನಿನಲ್ಲಿ ಅರ್ನೆಸ್ಟ್ ಕೆನವೇ ತಂಡ ಕೈಗೆತ್ತಿಕೊಂಡಿತು. 1930ರಲ್ಲಿ ಡೈಬೆಂಜಾಂತ್ರಸೀನ್ ಎಂಬ ಶುದ್ಧ ರಾಸಾಯನಿಕವೊಂದೇ ಸುಂಡಿಲಿಯ ಚರ್ಮದಲ್ಲಿ ಗಡ್ಡೆ ಎಬ್ಬಿಸಬಲ್ಲದೆಂದು ಸಿದ್ಧವಾಯಿತು. 1933ರಲ್ಲಿ ಎರಡು ಟನ್ ಡಾಂಬರುಗಸಿಯನ್ನು ಸಂಸ್ಕರಿಸಿ, ಅದು ಹೊಮ್ಮಿಸುವ ಪ್ರತಿದೀಪ್ತಿಯ ಜಾಡು ಹಿಡಿದು, ಬೆಂಜೊಪೈರೀನ್ ಅನ್ನು ಬೇರ್ಪಡಿಸಲಾಯಿತು. ಇದೇ ವಸ್ತು ತಂಬಾಕಿನ ಹೊಗೆಯಲ್ಲಿಯೂ ಇದೆ. ಅಷ್ಟರಲ್ಲಿ ಇನ್ನೊಂದು ದಿಕ್ಕಿನಿಂದ ಆನುವಂಶಿಕ ವಿಜ್ಞಾನ ಮುಂದೆ ಸಾಗುತ್ತಿತ್ತು. ಗಡ್ಡೆಯ ಮೂಲ ವರ್ಣತಂತುಗಳ ಅಸ್ತವ್ಯಸ್ತತೆಯಲ್ಲಿದೆ ಎಂದು ಜರ್ಮನಿಯ ಥಿಯೊಡೋರ್ ಬೊವೆರಿ 1914ರಲ್ಲಿ ವಾದಿಸಿದ್ದನು. ಎಕ್ಸ್ ಕಿರಣಗಳು ಹಣ್ಣಿನ ನೊಣದಲ್ಲಿ ಉತ್ಪರಿವರ್ತನೆ ತರುತ್ತವೆಂದು ಹರ್ಮನ್ ಮುಲ್ಲರ್ 1927ರಲ್ಲಿ ತೋರಿಸಿದ್ದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎಡಿನ್‌ಬರೋದ ಷಾರ್ಲಟ್ ಔಅರ್‌ಬಾಖ್ ಮತ್ತು ಜೆ. ಎಂ. ರಾಬ್ಸನ್ ಯುದ್ಧದ ವಿಷಾನಿಲವಾದ ಮಸ್ಟರ್ಡ್ ಗ್ಯಾಸಿಗೂ ಅದೇ ಶಕ್ತಿ ಇದೆಯೆಂದು ಕಂಡುಕೊಂಡು, ಗೋಪ್ಯತೆಯ ಕಾರಣದಿಂದ ಯುದ್ಧ ಮುಗಿದ ಮೇಲೆ ವಿವರಗಳನ್ನು ಪ್ರಕಟಿಸಿದರು. ಕ್ಯಾನ್ಸರ್ ಎಬ್ಬಿಸುವುದು ಮತ್ತು ಉತ್ಪರಿವರ್ತನೆ ತರುವುದು ಒಂದೇ ಕ್ರಿಯೆಯ ಎರಡು ಮುಖಗಳಿರಬಹುದೇ ಎಂಬ ಪ್ರಶ್ನೆ ಇಲ್ಲಿಂದ ಗಟ್ಟಿಯಾಯಿತು.

ಈ ಪ್ರಶ್ನೆಗೆ ಸರಳ ಉತ್ತರ ಸಾಲದೆಂದು ಎಚ್ಚರಿಸಿದ ಪ್ರಯೋಗವೆಂದರೆ ಐಸಾಕ್ ಬೆರೆನ್‌ಬ್ಲಮ್ ಮತ್ತು ಫಿಲಿಪ್ ಶೂಬಿಕ್ 1947ರಲ್ಲಿ ಪ್ರಕಟಿಸಿದ್ದು. ಅವರು ಸುಂಡಿಲಿಯ ಬೆನ್ನಿಗೆ ಒಂದೇ ಒಂದು ಸಲ, ಗಡ್ಡೆ ಎಬ್ಬಿಸಲು ಸಾಲದಷ್ಟು ಅಲ್ಪ ಪ್ರಮಾಣದಲ್ಲಿ, ಕ್ಯಾನ್ಸರ್‌ಕಾರಕವನ್ನು ಸವರಿ, ಅನಂತರ ಜಾಪಾಳದ ಬೀಜದ ಎಣ್ಣೆಯನ್ನು ಮತ್ತೆ ಮತ್ತೆ ಹಚ್ಚಿದರು. ಆಯುರ್ವೇದದಲ್ಲಿ ತೀವ್ರ ವಿರೇಚಕವೆಂದು ಹೆಸರಾದ ಈ ಎಣ್ಣೆ ಚರ್ಮವನ್ನು ಕೆರಳಿಸಿ ಕೋಶಗಳನ್ನು ವಿಭಜನೆಗೆ ದೂಡುತ್ತದೆಯೇ ಹೊರತು ಡಿಎನ್‌ಎಯನ್ನು ನೇರವಾಗಿ ಕೆಡಿಸುವುದಿಲ್ಲ. ಎರಡೂ ಸೇರಿದಾಗ ಗಡ್ಡೆಗಳು ಎದ್ದವು. ಒಂದನ್ನೇ ಕೊಟ್ಟಾಗಲೂ ಕ್ರಮವನ್ನು ತಿರುಗಿಸಿದಾಗಲೂ ಹೆಚ್ಚುಕಡಿಮೆ ಏನೂ ಆಗಲಿಲ್ಲ. ಮೊದಲ ಲೇಪಕ್ಕೂ ಎಣ್ಣೆಗೂ ನಡುವೆ ತಿಂಗಳುಗಟ್ಟಲೆ ಅಂತರವಿಟ್ಟರೂ ಫಲಿತಾಂಶ ಬದಲಾಗಲಿಲ್ಲ. ಎಂದರೆ ಮೊದಲ ಲೇಪವು ಕೋಶದಲ್ಲಿ ಅಳಿಯದ ಗುರುತನ್ನು ಉಳಿಸಿಹೋಗಿತ್ತು, ಆದರೆ ಆ ಗುರುತು ತಾನಾಗಿ ಗಡ್ಡೆಯಾಗಲಿಲ್ಲ. ಅಳಿಯದ ಗುರುತನ್ನು ಮಾಡುವುದನ್ನು ಆರಂಭಕವೆಂದೂ ಗುರುತು ಹೊತ್ತ ಕೋಶವನ್ನು ಬೆಳೆಯಿಸುವುದನ್ನು ಪ್ರಚೋದಕವೆಂದೂ ಕರೆಯುವ ರೂಢಿ ಈ ಪ್ರಯೋಗದಿಂದ ನೆಲೆಗೊಂಡಿತು.

ಆರಂಭಕವು ಡಿಎನ್‌ಎಯನ್ನು ಹೇಗೆ ತಲುಪುತ್ತದೆ ಎಂಬುದು ಅಷ್ಟು ಸುಲಭವಾಗಿ ಬಿಡಿಸಿಕೊಳ್ಳಲಿಲ್ಲ. ಬೆಂಜೊಪೈರೀನಿನಂಥ ವಸ್ತುಗಳು ರಾಸಾಯನಿಕವಾಗಿ ಮಂದ. ಪರೀಕ್ಷಾನಳಿಕೆಯಲ್ಲಿ ಡಿಎನ್‌ಎಯ ಜೊತೆ ಇಟ್ಟರೆ ಅವು ವರ್ತಿಸುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಮಿಲ್ಲರ್ ಮತ್ತು ಎಲಿಜಬೆತ್ ಮಿಲ್ಲರ್ ದಂಪತಿಗಳು 1947ರಿಂದ ಮುಂದಿನ ದಶಕಗಳಲ್ಲಿ ಇಲಿಗಳ ಮೇಲೆ ನಡೆಸಿದ ಅಧ್ಯಯನಗಳು ಒಗಟನ್ನು ಬಿಡಿಸಿದವು. ಹೊರಗಿನ ವಸ್ತುವನ್ನು ನೀರಿನಲ್ಲಿ ಕರಗುವಂತೆ ಮಾಡಿ ಹೊರಹಾಕಲು ಯತ್ನಿಸುವ ಯಕೃತ್ತಿನ ಕಿಣ್ವಗಳೇ ನಡುವಿನ ಹಂತದಲ್ಲಿ ಅದನ್ನು ಡಿಎನ್‌ಎಗೆ ಅಂಟಿಕೊಳ್ಳಬಲ್ಲ ಉಗ್ರರೂಪಕ್ಕೆ ತರುತ್ತವೆ. ಬೆಂಜೊಪೈರೀನಿನ ಅಂಥ ಉಗ್ರರೂಪ ಗ್ವಾನಿನ್‌ಗೆ ಅಂಟಿಕೊಂಡು, ನಕಲಿನ ಹೊತ್ತಿನಲ್ಲಿ ಆ ಸ್ಥಾನದಲ್ಲಿ ಥೈಮಿನ್ ಬರುವಂತೆ ಮಾಡುತ್ತದೆ. ಈ ಕಿಣ್ವಗಳ ತಯಾರಿಕೆಗೆ ಆಜ್ಞೆ ನೀಡುವ ಗ್ರಾಹಕ ಪ್ರೋಟೀನನ್ನು ಇಲ್ಲವಾಗಿಸಿದ ಸುಂಡಿಲಿಗಳಿಗೆ ಬೆಂಜೊಪೈರೀನ್ ಕೊಟ್ಟರೆ ಗಡ್ಡೆಗಳು ಏಳುವುದಿಲ್ಲವೆಂದು ಜಪಾನಿನ ಸಂಶೋಧಕರು 2000ದಲ್ಲಿ ತೋರಿಸಿದ್ದು ಮಿಲ್ಲರ್ ದಂಪತಿಗಳ ವಾದಕ್ಕೆ ದೊರೆತ ಸೊಗಸಾದ ಪುಷ್ಟಿ.

ಅಂಟಿಕೊಳ್ಳುವ ಗುರಿ ಪ್ರೋಟೀನೇ ಡಿಎನ್‌ಎಯೇ ಎಂಬ ವಿವಾದವನ್ನು ಪೀಟರ್ ಬ್ರೂಕ್ಸ್ ಮತ್ತು ಫಿಲಿಪ್ ಲಾಲಿ 1964ರಲ್ಲಿ ಬಗೆಹರಿಸಿದರು: ಸುಂಡಿಲಿಯ ಚರ್ಮದಲ್ಲಿ ಯಾವ ಹೈಡ್ರೊಕಾರ್ಬನ್ ಡಿಎನ್‌ಎಗೆ ಹೆಚ್ಚು ಅಂಟಿಕೊಳ್ಳುತ್ತದೆಯೋ ಅದೇ ಹೆಚ್ಚು ಪ್ರಬಲ ಕ್ಯಾನ್ಸರ್‌ಕಾರಕವೂ ಆಗಿತ್ತು. ಅದಕ್ಕೂ ಮೊದಲು, 1956ರಲ್ಲಿ, ಪೀಟರ್ ಮಗೀ ಮತ್ತು ಜಾನ್ ಬಾರ್ನ್ಸ್ ಕೈಗಾರಿಕಾ ದ್ರಾವಕವಾದ ಡೈಮೀಥೈಲ್‌ನೈಟ್ರೊಸಮೀನ್ ಇಲಿಗಳಲ್ಲಿ ಯಕೃತ್ತಿನ ಕ್ಯಾನ್ಸರ್ ತರುತ್ತದೆಂದು ಕಂಡಿದ್ದರು. ಈ ಗುಂಪಿನ ವಸ್ತುಗಳು ಡಿಎನ್‌ಎಗೆ ಮೀಥೈಲ್‌ನಂಥ ಪುಟ್ಟ ಗುಂಪುಗಳನ್ನು ತಗುಲಿಸುತ್ತವೆ. ಗ್ವಾನಿನ್‌ನ ಆರನೆಯ ಸ್ಥಾನದ ಆಮ್ಲಜನಕಕ್ಕೆ ಅದು ತಗುಲಿದರೆ ಗ್ವಾನಿನ್ ಸೈಟೊಸಿನ್‌ಗೆ ಬದಲು ಥೈಮಿನ್‌ನೊಡನೆ ಜೋಡಿಯಾಗುತ್ತದೆಂದು ಆಂಥೊನಿ ಲವ್‌ಲೆಸ್ 1969ರಲ್ಲಿ ಸೂಚಿಸಿದನು. 1973ರಲ್ಲಿ ಬರ್ಕ್‌ಲಿಯ ಬ್ರೂಸ್ ಏಮ್ಸ್ ಇಲಿಯ ಯಕೃತ್ತಿನ ಸಾರವನ್ನು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗಳ ಜೊತೆ ಬೆರೆಸಿ, ಪ್ರಾಣಿಯ ದೇಹದಲ್ಲಿ ನಡೆಯುವ ಉಗ್ರೀಕರಣವನ್ನು ತಟ್ಟೆಯಲ್ಲೇ ನಡೆಸುವ ಪರೀಕ್ಷೆಯೊಂದನ್ನು ರೂಪಿಸಿ, ಕ್ಯಾನ್ಸರ್‌ಕಾರಕಗಳು ಉತ್ಪರಿವರ್ತಕಗಳೇ ಎಂದು ಸಾರಿದನು. ಆ ಪರೀಕ್ಷೆ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಭಾರತಕ್ಕೆ ಹತ್ತಿರವಾದ ಅಧ್ಯಾಯವೆಂದರೆ ಅಫ್ಲಟಾಕ್ಸಿನ್‌ನದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವು ತಿಂದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿನಿಂದ ಈ ವಿಷ ಬಂದಿದೆಯೆಂದು ಪತ್ತೆಯಾಯಿತು. ಕಡಲೆಕಾಯಿ ಬಡವರ ಪೌಷ್ಟಿಕ ಆಹಾರವಾಗಿದ್ದ ದೇಶದಲ್ಲಿ ಇದು ಕಡೆಗಣಿಸುವ ಸುದ್ದಿಯಾಗಿರಲಿಲ್ಲ; ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ 1960ರ ದಶಕದಲ್ಲೇ ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಹಿಂಡಿಯಿಂದ ಅಫ್ಲಟಾಕ್ಸಿನ್ ನಿವಾರಿಸುವ ವಿಧಾನವನ್ನು ರೂಪಿಸಲಾಯಿತು. ಹೈದರಾಬಾದಿನಲ್ಲಿ ಟಿ. ವಿ. ಮಾಧವನ್ ಮತ್ತು ಸಿ. ಗೋಪಾಲನ್ ಇಲಿಗಳಿಗೆ ಅಫ್ಲಟಾಕ್ಸಿನ್ ಉಣಿಸಿ ಕಂಡುಕೊಂಡ ಸಂಗತಿ ಸ್ವಾರಸ್ಯಕರವಾದುದು. ಶೇ. 5ರಷ್ಟು ಪ್ರೋಟೀನ್ ಇದ್ದ ಆಹಾರ ತಿಂದ ಇಲಿಗಳು ವಿಷದ ತಕ್ಷಣದ ಪೆಟ್ಟಿಗೆ ಹೆಚ್ಚು ನಲುಗಿದವು, ಆದರೆ ಯಕೃತ್ತಿನ ಗಡ್ಡೆಗಳು ಎದ್ದದ್ದು ಶೇ. 20ರಷ್ಟು ಪ್ರೋಟೀನ್ ತಿಂದ ಇಲಿಗಳಲ್ಲಿ. ಪ್ರೋಟೀನ್ ಕೊರತೆಯಾದಾಗ ವಿಷವನ್ನು ಉಗ್ರರೂಪಕ್ಕೆ ತರುವ ಕಿಣ್ವಗಳೂ ಕುಗ್ಗುತ್ತವೆ, ಕೋಶವಿಭಜನೆಯೂ ಕುಗ್ಗುತ್ತದೆ ಎಂಬುದು ಇದಕ್ಕೆ ಕೊಡಲಾಗುವ ವಿವರಣೆ. ಕಡಿಮೆ ಪ್ರೋಟೀನ್ ಆರೋಗ್ಯಕರವೆಂಬ ತೀರ್ಮಾನಕ್ಕೆ ಇದನ್ನು ಆಧಾರವಾಗಿಸುವುದು ಸರಿಯಲ್ಲ. ಇಲಿ ಅಫ್ಲಟಾಕ್ಸಿನ್‌ಗೆ ಬಲುಬೇಗ ತುತ್ತಾಗುತ್ತದೆ, ಬೆಳೆದ ಸುಂಡಿಲಿ ಅದನ್ನು ತಡೆದುಕೊಳ್ಳುತ್ತದೆ. ಏಕೆಂದರೆ ಸುಂಡಿಲಿಯ ಯಕೃತ್ತಿನಲ್ಲಿರುವ ಒಂದು ಕಿಣ್ವ ಉಗ್ರರೂಪದ ಅಣುವನ್ನು ಡಿಎನ್‌ಎ ತಲುಪುವ ಮೊದಲೇ ನಿರ್ವಿಷಗೊಳಿಸುತ್ತದೆ. ಒಂದು ಪ್ರಾಣಿಯ ಫಲಿತಾಂಶವನ್ನು ಇನ್ನೊಂದಕ್ಕೆ, ಮನುಷ್ಯನಿಗಂತೂ, ಯಾಂತ್ರಿಕವಾಗಿ ಒಯ್ಯಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ವಿರಳ.

ರಾಸಾಯನಿಕವೊಂದು ಯಾವ ಜೀನಿನ ಯಾವ ಅಕ್ಷರವನ್ನು ಬದಲಿಸಿತು ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾದದ್ದು 1983ರಲ್ಲಿ. ಭಾರತ ಮೂಲದ ವಿಜ್ಞಾನಿ ಸರಸ್ವತಿ ಸುಕುಮಾರ್, ಮೇರಿಯಾನೊ ಬಾರ್ಬಸಿಡ್ ಮತ್ತು ಸಂಗಡಿಗರು ಇಲಿಗಳಿಗೆ ನೈಟ್ರೊಸೊಮೀಥೈಲ್‌ಯೂರಿಯಾವನ್ನು ಒಂದೇ ಸಲ ಚುಚ್ಚಿ, ಅನಂತರ ಎದ್ದ ಸ್ತನದ ಗಡ್ಡೆಗಳಲ್ಲಿ ಕೋಶದ ಬೆಳವಣಿಗೆಯನ್ನು ನಿಯಂತ್ರಿಸುವ ಎಚ್-ರಾಸ್ ಎಂಬ ಜೀನಿನ ಹನ್ನೆರಡನೆಯ ಸಂಕೇತದಲ್ಲಿ (ಮೂರು ಪ್ರತ್ಯಾಮ್ಲಗಳ ಗುಂಪಿನಲ್ಲಿ) ಗ್ವಾನಿನ್ ಇದ್ದೆಡೆ ಅಡೆನಿನ್ ಬಂದಿರುವುದನ್ನು ಕಂಡರು. ಮೀಥೈಲ್ ತಗುಲಿದ ಗ್ವಾನಿನ್ ಮಾಡಬೇಕಾದ ತಪ್ಪು ಸರಿಯಾಗಿ ಇದೇ. 1985ರಲ್ಲಿ ಹೆಲ್ಮುಟ್ ಝಾರ್ಬಲ್ ಮೊದಲ ಲೇಖಕನಾಗಿದ್ದ ಪ್ರಬಂಧ, ರಾಸಾಯನಿಕವೇ ನೇರವಾಗಿ ಈ ಉತ್ಪರಿವರ್ತನೆಯನ್ನು ಮಾಡಿದೆಯೆಂದು ತೀರ್ಮಾನಿಸಿತು. ಸುಂಡಿಲಿಯ ಚರ್ಮದಲ್ಲಿ ಡೈಮೀಥೈಲ್‌ಬೆಂಜಾಂತ್ರಸೀನ್ ಅದೇ ಜೀನಿನ 61ನೆಯ ಸಂಕೇತದಲ್ಲಿ ಅಡೆನಿನ್ ಅನ್ನು ಥೈಮಿನ್ ಆಗಿಸುತ್ತದೆಂದು ಅಲನ್ ಬಾಲ್ಮೇನ್ ತಂಡ ತೋರಿಸಿತು. ಪ್ರತಿ ಕ್ಯಾನ್ಸರ್‌ಕಾರಕವೂ ತನ್ನದೇ ಬೆರಳಚ್ಚನ್ನು ಬಿಡುತ್ತದೆ ಎಂಬ ಕಲ್ಪನೆ ಬಲಗೊಂಡಿತು. ಆದರೆ ಹತ್ತು ವರ್ಷವೂ ಕಳೆಯುವ ಮುನ್ನ ಇದೇ ಝಾರ್ಬಲ್, ವಿಲಿಯಂ ಥಿಲ್ಲಿಯೊಡನೆ ಸೇರಿ 1994ರಲ್ಲಿ ಪ್ರಕಟಿಸಿದ ಸಂಶೋಧನೆ, ರಾಸಾಯನಿಕವನ್ನೇ ಕಾಣದ ಇಲಿಗಳ ಸ್ತನದ ಕೋಶಗಳಲ್ಲೂ ಅದೇ ಉತ್ಪರಿವರ್ತನೆ ಮೊದಲೇ ಇತ್ತು, ಗಡ್ಡೆಗಳು ಹುಟ್ಟಿದ್ದು ಆ ಕೋಶಗಳಿಂದ ಎಂದು ತಿಳಿಸಿತು. ತಾನೇ ಕಟ್ಟಿದ ತೀರ್ಮಾನವನ್ನು ತಾನೇ ತಿದ್ದಿದ ಈ ಕೆಲಸ ಪಠ್ಯಪುಸ್ತಕಗಳಲ್ಲಿ ಪಡೆಯಬೇಕಾದಷ್ಟು ಜಾಗ ಪಡೆದಿಲ್ಲ. ಹೊರಗಿನಿಂದ ಏನೂ ಸೋಂಕದ ಕೋಶದಲ್ಲಿ ಆ ಉತ್ಪರಿವರ್ತನೆ ಎಲ್ಲಿಂದ ಬಂತು ಎಂಬ ಪ್ರಶ್ನೆ ನೇರವಾಗಿ ಮುಪ್ಪಿನ ವಿಷಯಕ್ಕೆ ಕರೆದೊಯ್ಯುತ್ತದೆ.

ಮುಪ್ಪೆಂದರೆ ದೇಹದ ಕೋಶಗಳಲ್ಲಿ ಉತ್ಪರಿವರ್ತನೆಗಳು ಕೂಡುತ್ತ ಹೋಗುವುದೇ ಎಂಬ ಸಿದ್ಧಾಂತವನ್ನು 1958ರಲ್ಲಿ ಜಿ. ಫೈಲ್ಲಾ ಮತ್ತು 1959ರಲ್ಲಿ ಭೌತವಿಜ್ಞಾನಿ ಲಿಯೊ ಜಿಲಾರ್ಡ್ ಮುಂದಿಟ್ಟರು. ಅದನ್ನು ಪ್ರಾಣಿಯಲ್ಲಿ ಪರೀಕ್ಷಿಸಿದವನು ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಹೋವರ್ಡ್ ಕರ್ಟಿಸ್. ವರ್ಣತಂತುಗಳು ಸೂಕ್ಷ್ಮದರ್ಶಕಕ್ಕೆ ಬಿಡಿಬಿಡಿಯಾಗಿ ಕಾಣುವುದು ಕೋಶ ವಿಭಜನೆಯಾಗುವಾಗ ಮಾತ್ರ, ಯಕೃತ್ತಿನ ಕೋಶಗಳಾದರೋ ಸಾಮಾನ್ಯವಾಗಿ ವಿಭಜನೆಯಾಗುವುದಿಲ್ಲ; ಆದ್ದರಿಂದ ಅವನು ಸುಂಡಿಲಿಗಳಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಕೊಟ್ಟು ಯಕೃತ್ತಿನ ಒಂದು ಭಾಗವನ್ನು ನಾಶಮಾಡಿ, ಉಳಿದ ಕೋಶಗಳು ಆ ನಷ್ಟವನ್ನು ತುಂಬಲು ವಿಭಜನೆಗೆ ತೊಡಗಿದಾಗ ಅವನ್ನು ಪರೀಕ್ಷಿಸಿದನು. ವಯಸ್ಸಾದಂತೆ ಮುರಿದ, ತಪ್ಪಾಗಿ ಬೆಸೆದ ವರ್ಣತಂತುಗಳ ಪ್ರಮಾಣ ಏರುತ್ತಿತ್ತು; ಅಲ್ಪಾಯುಷಿ ತಳಿಯಲ್ಲಿ ಅದು ದೀರ್ಘಾಯುಷಿ ತಳಿಗಿಂತ ವೇಗವಾಗಿ ಏರುತ್ತಿತ್ತು. ಇದರ ಹಿಂದಿನ ರಾಸಾಯನಿಕ ಕಾರಣವನ್ನು ತೋಮಸ್ ಲಿಂಡಾಲ್ 1970ರ ದಶಕದಲ್ಲಿ ಬೆಳಕಿಗೆ ತಂದನು. ದೇಹದ ಉಷ್ಣತೆಯ ನೀರಿನಲ್ಲಿರುವ ಡಿಎನ್‌ಎ ತಾನಾಗಿಯೇ ಕೆಡುತ್ತದೆ: ಸಸ್ತನಿಯ ಒಂದೊಂದು ಕೋಶದಲ್ಲೂ ದಿನಕ್ಕೆ ಸಾವಿರಾರು ಪ್ರತ್ಯಾಮ್ಲಗಳು ಕಳಚಿಬೀಳುತ್ತವೆ, ಸೈಟೊಸಿನ್ ತನ್ನ ಅಮೈನೊ ಗುಂಪನ್ನು ಕಳೆದುಕೊಳ್ಳುತ್ತದೆ, ಉಸಿರಾಟದಲ್ಲಿ ಹುಟ್ಟುವ ಉಗ್ರ ಆಮ್ಲಜನಕ ರೂಪಗಳು ಗ್ವಾನಿನ್ ಅನ್ನು ಉತ್ಕರ್ಷಿಸುತ್ತವೆ. ಜೀವಿಸಿರುವುದಕ್ಕೇ ತೆರಬೇಕಾದ ಈ ಹಾನಿಯ ಬಹುಪಾಲು ದುರಸ್ತಿಯಾಗುತ್ತದೆ. ಉಳಿದುದು ಉತ್ಪರಿವರ್ತನೆಯಾಗಿ ಸೇರುತ್ತ ಹೋಗುತ್ತದೆ. ವಯಸ್ಸಾದ ಇಲಿಗಳ ಮೆದುಳಿನಲ್ಲಿ ದುರಸ್ತಿಯ ಸಾಮರ್ಥ್ಯವೇ ಕುಗ್ಗುತ್ತದೆ ಎಂಬ ವಿಷಯದಲ್ಲಿ ಹೈದರಾಬಾದಿನ ಕಲ್ಲೂರಿ ಸುಬ್ಬರಾವ್ ಅವರ ಕೆಲಸ ಗಮನಾರ್ಹವಾದುದು.

ವಯಸ್ಸಾದ ಪ್ರಾಣಿಗೆ ಕ್ಯಾನ್ಸರ್ ಹೆಚ್ಚಾಗಿ ಬರುವುದು ಮುಪ್ಪಿನ ದೆಸೆಯಿಂದಲೋ, ಕ್ಯಾನ್ಸರ್‌ಕಾರಕದ ಸಂಪರ್ಕದ ಅವಧಿ ದೀರ್ಘವಾದುದರಿಂದಲೋ? ಇದಕ್ಕೆ ರಿಚರ್ಡ್ ಪೀಟೊ ಮತ್ತು ಸಂಗಡಿಗರು 1975ರಲ್ಲಿ ನೇರ ಉತ್ತರ ಪಡೆದರು. 10, 25, 40 ಮತ್ತು 55 ವಾರ ವಯಸ್ಸಿನ ಸುಂಡಿಲಿಗಳ ಚರ್ಮಕ್ಕೆ ಬೆಂಜೊಪೈರೀನ್ ಹಚ್ಚಲು ಆರಂಭಿಸಿದಾಗ, ಗಡ್ಡೆ ಏಳುವ ಸಂಭವ ಎಷ್ಟು ಕಾಲದಿಂದ ಹಚ್ಚಲಾಗಿದೆ ಎಂಬುದನ್ನು ಅವಲಂಬಿಸಿತ್ತು, ಹಚ್ಚಲು ಆರಂಭಿಸಿದಾಗಿನ ವಯಸ್ಸನ್ನು ಅಲ್ಲ. ಅಮೆರಿಕದ ಅರ್ಕನ್ಸಾದಲ್ಲಿ 1970ರ ದಶಕದಲ್ಲಿ 24 ಸಾವಿರಕ್ಕೂ ಹೆಚ್ಚು ಸುಂಡಿಲಿಗಳಿಗೆ ಅಸಿಟೈಲ್‌ಅಮೈನೊಫ್ಲೂರೀನ್ ಉಣಿಸಿ ನಡೆಸಿದ ಬೃಹತ್ ಪ್ರಯೋಗವೂ ಇದಕ್ಕೆ ಪೂರಕವಾದ ಪಾಠ ಕಲಿಸಿತು. ಯಕೃತ್ತಿನಲ್ಲಿಯೂ ಮೂತ್ರಕೋಶದಲ್ಲಿಯೂ ಡಿಎನ್‌ಎಗೆ ಅಂಟುವ ಪ್ರಮಾಣ ಸೇವನೆಗೆ ಅನುಗುಣವಾಗಿ ಏರುತ್ತಿದ್ದರೂ, ಮೂತ್ರಕೋಶದಲ್ಲಿ ಗಡ್ಡೆಗಳು ದಿಢೀರನೆ ಹೆಚ್ಚಿದ್ದು ದೊಡ್ಡ ಪ್ರಮಾಣದ ಸೇವನೆಯಲ್ಲಿ ಮಾತ್ರ. ಆ ಪ್ರಮಾಣದಲ್ಲೇ ಕೋಶವಿಭಜನೆಯೂ ಚುರುಕಾಗಿದ್ದುದು ಇದಕ್ಕೆ ಕಾರಣವೆಂದು ಮುಂದೆ ವಿವರಿಸಲಾಯಿತು.

ಗಡ್ಡೆಗಳನ್ನು ಎಣಿಸುವುದರಿಂದ ಉತ್ಪರಿವರ್ತನೆಗಳನ್ನೇ ಎಣಿಸುವತ್ತ ಸಾಗಿದ ದೊಡ್ಡ ಹೆಜ್ಜೆಯನ್ನು 1989ರಲ್ಲಿ ನೆದರ್ಲೆಂಡ್ಸಿನ ಯಾನ್ ಹೋಸನ್, ಯಾನ್ ವೈಗ್ ಮತ್ತು ಸಂಗಡಿಗರು ಇಟ್ಟರು. ಬ್ಯಾಕ್ಟೀರಿಯಾದ ಲ್ಯಾಕ್-ಝಡ್ ಎಂಬ ಜೀನನ್ನು ಸುಂಡಿಲಿಯ ಎಲ್ಲ ಕೋಶಗಳಲ್ಲೂ ಸೇರಿಸಿದ ತಳಿಯೊಂದನ್ನು ಅವರು ಬೆಳೆಸಿದರು. ಬೇಕಾದ ಅಂಗದ ಡಿಎನ್‌ಎಯಿಂದ ಆ ಜೀನನ್ನು ಮರಳಿ ತೆಗೆದು ಬ್ಯಾಕ್ಟೀರಿಯಾದೊಳಗೆ ಇಟ್ಟರೆ, ಕೆಟ್ಟ ಪ್ರತಿಗಳನ್ನೂ ಸರಿಯಾದ ಪ್ರತಿಗಳನ್ನೂ ಬೇರೆಬೇರೆಯಾಗಿ ಎಣಿಸಬಹುದು. ವೈಗ್ ತಂಡದ ಮಾರ್ಟೈನ್ ಡೊಲ್ಲೆ 1997ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ವಯಸ್ಸಾದಂತೆ ಯಕೃತ್ತಿನಲ್ಲಿ ಉತ್ಪರಿವರ್ತನೆಗಳು ಏರಿದವು, ಮೆದುಳಿನಲ್ಲಿ ಏರಲಿಲ್ಲ. ಹೃದಯದಲ್ಲಿ ಡಿಎನ್‌ಎಯ ದೊಡ್ಡ ತುಂಡುಗಳೇ ಸ್ಥಾನಪಲ್ಲಟಗೊಂಡ ಉತ್ಪರಿವರ್ತನೆಗಳು ಎದ್ದು ಕಂಡರೆ, ಸದಾ ವಿಭಜನೆಯಲ್ಲಿರುವ ಸಣ್ಣ ಕರುಳಿನಲ್ಲಿ ಒಂದೊಂದು ಅಕ್ಷರದ ಬದಲಾವಣೆಗಳು ಹೆಚ್ಚಿದ್ದವು. ಒಂದೇ ಪ್ರಾಣಿಯ ಅಂಗಗಳು ಒಂದೇ ರೀತಿಯಲ್ಲಿ ಮುಪ್ಪಾಗುವುದಿಲ್ಲ. ಇಂಥ ತಳಿಗಳನ್ನು ಬಳಸುವ ಪರೀಕ್ಷೆಗೆ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ 2011ರಲ್ಲಿ ಅಂತಾರಾಷ್ಟ್ರೀಯ ಮಾರ್ಗಸೂಚಿಯನ್ನು ಒದಗಿಸಿತು.

ಉತ್ಪರಿವರ್ತನೆಗಳು ಮುಪ್ಪಿನೊಡನೆ ಏರುತ್ತವೆ ಎಂಬುದು ನಿಜ. ಅವೇ ಮುಪ್ಪಿಗೆ ಕಾರಣ ಎಂಬುದು ಇನ್ನೂ ಸಿದ್ಧವಾಗಿಲ್ಲ. ನಕಲಿನ ತಪ್ಪುಗಳನ್ನು ತಿದ್ದುವ ಒಂದು ಜೀನನ್ನು ತೆಗೆದುಹಾಕಿದ ಸುಂಡಿಲಿಗಳಲ್ಲಿ ಉತ್ಪರಿವರ್ತನೆಗಳು ಹಲವು ಪಟ್ಟು ಹೆಚ್ಚಿ ಕ್ಯಾನ್ಸರ್ ಬಂದರೂ ಅಕಾಲ ಮುಪ್ಪಿನ ಲಕ್ಷಣಗಳು ಕಾಣಲಿಲ್ಲ. ಇದಕ್ಕೆ ಪ್ರತಿಯಾಗಿ, 2004ರಲ್ಲಿ ಸ್ವೀಡನ್ನಿನಲ್ಲಿ ಅಲೆಕ್ಸಾಂಡ್ರಾ ಟ್ರಿಫುನೊವಿಚ್ ಮತ್ತು ಸಂಗಡಿಗರು ಮೈಟೊಕಾಂಡ್ರಿಯಾದ ಡಿಎನ್‌ಎಯನ್ನು ನಕಲು ಮಾಡುವ ಕಿಣ್ವದ ತಿದ್ದುವ ಶಕ್ತಿಯನ್ನು ಕೆಡಿಸಿದ ಸುಂಡಿಲಿಗಳನ್ನು ರೂಪಿಸಿದಾಗ, ಅವು ಕೂದಲು ಉದುರಿ, ಬೆನ್ನು ಬಾಗಿ, ಮೂಳೆ ಸವೆದು, ಬೇಗನೆ ಸತ್ತವು. ಆದರೆ ಅದೇ ದೋಷದ ಒಂದೇ ಪ್ರತಿಯನ್ನು ಹೊತ್ತು ಸಾಮಾನ್ಯ ಸುಂಡಿಲಿಗಳಿಗಿಂತ ಬಹಳ ಹೆಚ್ಚು ಉತ್ಪರಿವರ್ತನೆಗಳನ್ನು ಸಹಿಸಿಯೂ ಮಾಮೂಲಿನಂತೆ ಬದುಕಿದ ಸುಂಡಿಲಿಗಳೂ ಇರುವುದರಿಂದ ವಾದ ಮುಗಿದಿಲ್ಲ.

ಇಡೀ ಜೀನೋಮನ್ನು ಓದುವ ತಂತ್ರ ಕೈಗೆಟುಕಿದ ಮೇಲೆ ಚಿತ್ರ ವಿಸ್ತಾರವಾಯಿತು. ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯ ಅಲೆಕ್ಸ್ ಕ್ಯಾಗನ್ ಮತ್ತು ಸಂಗಡಿಗರು 2022ರಲ್ಲಿ ಮನುಷ್ಯ, ಸುಂಡಿಲಿ, ಜಿರಾಫೆ ಮುಂತಾದ 16 ಸಸ್ತನಿಗಳ ಕರುಳಿನ ಗೋಡೆಯಲ್ಲಿರುವ ಪುಟ್ಟ ಕುಳಿಗಳನ್ನು ಲೇಸರಿನಿಂದ ಕತ್ತರಿಸಿ ಓದಿದರು. ಒಂದೊಂದು ಕುಳಿಯ ಕೋಶಗಳೂ ಒಂದೇ ತಾಯಿಕೋಶದ ಸಂತತಿಯಾದ ಕಾರಣ ಅದರಲ್ಲಿ ಕೂಡಿದ ಉತ್ಪರಿವರ್ತನೆಗಳನ್ನು ಎಣಿಸಬಹುದು. ವರ್ಷಕ್ಕೆ ಸುಂಡಿಲಿಯ ಕೋಶದಲ್ಲಿ ಸುಮಾರು 796, ಮನುಷ್ಯನಲ್ಲಿ 47, ಸುಂಡಿಲಿಯ ಗಾತ್ರಕ್ಕೆ ಹತ್ತಿರವಿದ್ದೂ ದಶಕಗಳ ಕಾಲ ಬದುಕುವ ಬೋಳು ಬಿಲದಿಲಿಯಲ್ಲಿ 93 ಉತ್ಪರಿವರ್ತನೆಗಳು ಸೇರುತ್ತಿದ್ದವು. ಆಯುಷ್ಯದಲ್ಲಿ ಸುಮಾರು ಮೂವತ್ತು ಪಟ್ಟು ಅಂತರವಿದ್ದ ಈ ಪ್ರಾಣಿಗಳು ಬದುಕಿನ ಕೊನೆಯ ಹೊತ್ತಿಗೆ ಹೊತ್ತಿದ್ದ ಒಟ್ಟು ಉತ್ಪರಿವರ್ತನೆಗಳಲ್ಲಿ ಸುಮಾರು ಮೂರು ಪಟ್ಟಿಗಿಂತ ಹೆಚ್ಚಿನ ಅಂತರವಿರಲಿಲ್ಲ. ಕೋಶವಿಭಜನೆಯಿಲ್ಲದೆ ಉತ್ಪರಿವರ್ತನೆಗಳು ಸೇರುವುದಿಲ್ಲ ಎಂಬ ಹಳೆಯ ನಂಬಿಕೆಯೂ ಸಡಿಲಗೊಂಡಿದೆ. ಮನುಷ್ಯನ ನರಕೋಶಗಳು ವಿಭಜನೆಯಾಗದಿದ್ದರೂ ಅವುಗಳಲ್ಲಿ ವಯಸ್ಸಿನೊಡನೆ ಉತ್ಪರಿವರ್ತನೆಗಳು ಸೇರುತ್ತವೆಂದು 2021ರ ಅಧ್ಯಯನವೊಂದು ತೋರಿಸಿತು.

ಹಾನಿ ಉತ್ಪರಿವರ್ತನೆಯಾಗುವ ಕ್ಷಣವನ್ನೂ ಈ ತಂತ್ರ ಹಿಡಿದುಕೊಟ್ಟಿದೆ. ಹದಿನೈದು ದಿನದ ಸುಂಡಿಲಿ ಮರಿಗಳಿಗೆ ಡೈಈಥೈಲ್‌ನೈಟ್ರೊಸಮೀನನ್ನು ಒಂದೇ ಸಲ ಕೊಟ್ಟು, ತಿಂಗಳುಗಳ ನಂತರ ಎದ್ದ ಯಕೃತ್ತಿನ 371 ಗಡ್ಡೆಗಳ ಜೀನೋಮನ್ನು ಓದಿದ ಸಂಶೋಧಕರು 2020ರಲ್ಲಿ ಪ್ರಕಟಿಸಿದಂತೆ, ಮೊದಲ ವಿಭಜನೆಯಲ್ಲಿ ಹಾನಿಗೊಂಡ ಎರಡು ಎಳೆಗಳು ಬೇರೆಬೇರೆ ಮರಿಕೋಶಗಳಿಗೆ ಹಂಚಿಹೋಗುತ್ತವೆ ಮತ್ತು ದುರಸ್ತಿಯಾಗದ ಹಾನಿ ಹಲವು ತಲೆಮಾರುಗಳವರೆಗೆ ಉಳಿದು, ಪ್ರತಿ ನಕಲಿನಲ್ಲೂ ಹೊಸ ಹೊಸ ತಪ್ಪುಗಳನ್ನು ಹುಟ್ಟಿಸುತ್ತದೆ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ, 20 ಕ್ಯಾನ್ಸರ್‌ಕಾರಕ ಅಥವಾ ಶಂಕಿತ ವಸ್ತುಗಳ ಸಂಪರ್ಕದಲ್ಲಿದ್ದ ಸುಂಡಿಲಿಗಳ 181 ಗಡ್ಡೆಗಳನ್ನು ಓದಿ, ಅವುಗಳಲ್ಲಿ ಹೆಚ್ಚಿನ ವಸ್ತುಗಳು ತಮ್ಮದೇ ಆದ ಬೆರಳಚ್ಚನ್ನು ಬಿಟ್ಟೇ ಇಲ್ಲವೆಂದು ಕಂಡುಕೊಂಡಿತು. 2023ರಲ್ಲಿ ಚಾರ್ಲ್ಸ್ ಸ್ವಾಂಟನ್ ತಂಡ ವಾಯುಮಾಲಿನ್ಯದ ಅತಿಸಣ್ಣ ಕಣಗಳು ಸುಂಡಿಲಿಯ ಶ್ವಾಸಕೋಶದಲ್ಲಿ ಉರಿಯೂತವೆಬ್ಬಿಸಿ, ಉತ್ಪರಿವರ್ತನೆಯನ್ನು ಮೊದಲೇ ಹೊತ್ತಿದ್ದ ಕೋಶಗಳನ್ನು ಬೆಳೆಯಿಸುತ್ತವೆಂದು ತೋರಿಸಿತು. ಕೊನೆಯ ಈ ಎರಡು ಫಲಿತಾಂಶಗಳು ಬೆರೆನ್‌ಬ್ಲಮ್‌ನ ಪ್ರಚೋದಕ ಸಿದ್ಧಾಂತಕ್ಕೂ 1994ರ ಇಲಿಗಳ ಅಧ್ಯಯನಕ್ಕೂ ಹೊಸ ಬಲ ತಂದಿವೆ.

ಒಂದೊಂದು ಡಿಎನ್‌ಎ ಅಣುವಿನ ಎರಡೂ ಎಳೆಗಳನ್ನು ಓದಿ ತಾಳೆ ನೋಡುವ, 2012ರಲ್ಲಿ ಮೊದಲು ವರದಿಯಾದ ವಿಧಾನದಿಂದ ಈಗ ವಿಶೇಷ ತಳಿಗಳಿಲ್ಲದೆ ಸಾಮಾನ್ಯ ಸುಂಡಿಲಿಗಳಲ್ಲೂ ಕೆಲವೇ ವಾರಗಳಲ್ಲಿ ಉತ್ಪರಿವರ್ತನೆಗಳನ್ನು ಅಳೆಯಬಹುದಾಗಿದೆ. ಹಾಗಿದ್ದರೂ ಉತ್ಪರಿವರ್ತನೆ ತರದೆ ಕ್ಯಾನ್ಸರ್ ಬೆಳೆಸುವ ವಸ್ತುಗಳು ಇಂಥ ಅಳತೆಗೆ ಸಿಗುವುದಿಲ್ಲವಾದ್ದರಿಂದ, ಇಲಿ ಸುಂಡಿಲಿಗಳಿಗೆ ಎರಡು ವರ್ಷಗಳ ಕಾಲ ವಸ್ತುವನ್ನು ಕೊಟ್ಟು ಗಡ್ಡೆಗಳನ್ನು ಎಣಿಸುವ ಹಳೆಯ ಪರೀಕ್ಷೆ ಇನ್ನೂ ಬಳಕೆಯಲ್ಲಿದೆ.